ತೊಳೆಯುವ ದ್ರವ, ತಲುಪಿಸುವ ದ್ರವ: ಮೈಗ್ರೇನ್ ಮತ್ತು ಮಿದುಳಿನ ತ್ಯಾಜ್ಯ ವಿಲೇವಾರಿ



ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟು. ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಮಾತ್ರ ಅದು ಹೆಚ್ಚುಕಡಿಮೆ ಶೇ. 20ನ್ನು ತೆಗೆದುಕೊಳ್ಳುತ್ತದೆ. ಇಷ್ಟು ದುಡಿಯುವ ಅಂಗದಲ್ಲಿ ಬಳಸಿ ಉಳಿದ ಪ್ರೋಟೀನುಗಳೂ ಚಯಾಪಚಯದ ಉಳಿಕೆಗಳೂ ಹಗಲಿರುಳು ಹುಟ್ಟುತ್ತಲೇ ಇರುತ್ತವೆ. ದೇಹದ ಉಳಿದ ಅಂಗಾಂಶಗಳಿಂದ ಇವನ್ನು ಹೊತ್ತೊಯ್ಯಲು ದುಗ್ಧರಸ ನಾಳಗಳಿವೆ. ಮಿದುಳಿನ ತಿರುಳಿನಲ್ಲಿ ಅವಿಲ್ಲ. ಹಾಗಾದರೆ ಅಲ್ಲಿನ ತ್ಯಾಜ್ಯ ಎತ್ತ ಹೋಗುತ್ತದೆ? ಈ ಪ್ರಶ್ನೆಗೆ 2012ರಿಂದೀಚೆಗೆ ಸಿಕ್ಕಿರುವ ಉತ್ತರ ಮೊದಲು ಆಲ್‌ಝೈಮರ್ ಕಾಯಿಲೆಯ ಚರ್ಚೆಯನ್ನು ಹೊಕ್ಕಿತು. ಅಲ್ಲಿಂದ ಪಾರ್ಶ್ವವಾಯು, ತಲೆಪೆಟ್ಟು, ನಿದ್ರಾಹೀನತೆಗಳನ್ನು ದಾಟಿ ಈಗ ಮೈಗ್ರೇನ್‌ಗೆ ಬಂದು ನಿಂತಿದೆ. ಮೈಗ್ರೇನ್ ಇರುವವರ ಮಿದುಳು ತನ್ನ ತ್ಯಾಜ್ಯವನ್ನು ಸರಿಯಾಗಿ ಹೊರಹಾಕುವುದಿಲ್ಲ, ಅದಕ್ಕಾಗಿಯೇ ತಲೆನೋವು ಎಂಬ ಮಾತು ಸಂಶೋಧನಾ ಪತ್ರಿಕೆಗಳಿಂದ ಇಳಿದು ಜನಪ್ರಿಯ ಬರಹಗಳಿಗೂ ಬಂದಿದೆ. ಈ ಮಾತಿನಲ್ಲಿ ಅರ್ಧ ಮಾತ್ರ ಸರಿ ಎಂದು ವಾದಿಸಲು ಇಲ್ಲಿ ನಿಂತಿದ್ದೇನೆ. ಮಿದುಳಿನ ದ್ರವಮಾರ್ಗಕ್ಕೂ ಮೈಗ್ರೇನ್‌ಗೂ ನಂಟಿದೆ, ಅದು ಗಟ್ಟಿ ನಂಟು. ಆದರೆ ಇಂದಿನ ಪುರಾವೆಯನ್ನು ತೂಗಿ ನೋಡಿದರೆ, ಆ ಮಾರ್ಗ ಕಟ್ಟಿಕೊಂಡು ತ್ಯಾಜ್ಯ ಉಳಿಯಿತು ಎಂಬುದಕ್ಕಿಂತ, ಅದೇ ಮಾರ್ಗದಲ್ಲಿ ನೋವಿನ ಸಂದೇಶ ಹರಿಯಿತು ಎಂಬ ವಿವರಣೆಗೇ ಹೆಚ್ಚು ಆಧಾರವಿದೆ.

ಮೊದಲು ಮಾರ್ಗದ ಪರಿಚಯ ಮಾಡಿಕೊಳ್ಳೋಣ. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತಿಳಿಯಾದ ದ್ರವ ಯಾವ ಹೊತ್ತಿನಲ್ಲಿ ಅಳೆದರೂ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ತಯಾರಾಗುವುದು ಅರ್ಧ ಲೀಟರಿನಷ್ಟು. ಎಂದರೆ ದಿನಕ್ಕೆ ಮೂರು ಸಲವಾದರೂ ಅದು ಹೊಸದಾಗಬೇಕು. ಮಿದುಳಿನ ರಕ್ತನಾಳಗಳ ಸುತ್ತ ಕಿರಿದಾದ ತೆರಪುಗಳಿವೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲೇ ವಿರ್ಕೋ ಮತ್ತು ರಾಬಿನ್ ಬಣ್ಣಿಸಿದ್ದರು. 1985ರ ಹೊತ್ತಿಗೆ ಅಮೆರಿಕದ ಒಂದು ತಂಡ ಆ ದ್ರವಕ್ಕೆ ಸೇರಿಸಿದ ಗುರುತುವಸ್ತು ಈ ತೆರಪುಗಳ ಮೂಲಕ ಬೇಗಬೇಗನೆ ಮಿದುಳಿನ ಆಳಕ್ಕೆ ಇಳಿಯುವುದನ್ನು ಪ್ರಾಣಿಗಳಲ್ಲಿ ತೋರಿಸಿತ್ತು. ಆಗ ಅದಕ್ಕೆ ದೊರೆಯದ ಗಮನ 2012ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಮತ್ತು ಜೆಫ್ರಿ ಇಲಿಫ್ ಅವರ ತಂಡಕ್ಕೆ ದೊರೆಯಿತು. ಜೀವಂತ ಇಲಿಯ ಮಿದುಳಿನಲ್ಲಿ ದ್ರವವು ಅಪಧಮನಿಗಳ ಸುತ್ತಲಿನ ತೆರಪಿನಲ್ಲಿ ಒಳಬಂದು, ಕೋಶಗಳ ನಡುವಿನ ಸಂದುಗಳನ್ನು ಹಾದು, ಅಭಿಧಮನಿಗಳ ಸುತ್ತಲಿನಿಂದ ಹೊರಹೋಗುತ್ತದೆ ಎಂದು ಅವರು ಪ್ರತಿಪಾದಿಸಿದರು. ನರಕೋಶಗಳ ಆರೈಕೆಗೆ ನಿಂತ ಆಸ್ಟ್ರೋಸೈಟ್ ಎಂಬ ಕೋಶಗಳು ತಮ್ಮ ಪಾದಗಳಿಂದ ರಕ್ತನಾಳಗಳನ್ನು ಅಪ್ಪಿಕೊಂಡಿರುತ್ತವೆ; ಆ ಪಾದಗಳಲ್ಲಿ ನೀರು ದಾಟುವ ಅಕ್ವಾಪೊರಿನ್-4 ಎಂಬ ಪ್ರೋಟೀನು ದಟ್ಟವಾಗಿದೆ; ಅದನ್ನು ಕಳೆದುಕೊಂಡ ಇಲಿಗಳಲ್ಲಿ ಹರಿವು ಕುಗ್ಗಿತು. ಈ ವ್ಯವಸ್ಥೆಗೆ ಗ್ಲಿಂಫ್ಯಾಟಿಕ್ ಎಂಬ ಹೆಸರು ಬಿತ್ತು. 2015ರಲ್ಲಿ ವರ್ಜೀನಿಯ ಮತ್ತು ಹೆಲ್ಸಿಂಕಿಯ ಎರಡು ತಂಡಗಳು ಬೇರೆಬೇರೆಯಾಗಿಯೇ ಮಿದುಳಿನ ಹೊರಪೊರೆಯಲ್ಲಿ ದುಗ್ಧರಸ ನಾಳಗಳಿವೆ ಎಂದು ಇಲಿಗಳಲ್ಲಿ ತೋರಿಸಿದವು. ಎರಡು ವರ್ಷಗಳ ನಂತರ ಅವು ಮನುಷ್ಯರಲ್ಲೂ ಎಂಆರ್‌ಐ ಚಿತ್ರಗಳಲ್ಲಿ ಕಂಡವು. ಇಟಲಿಯ ಅಂಗರಚನಾಶಾಸ್ತ್ರಜ್ಞ ಪಾವೊಲೊ ಮಸ್ಕಾನಿ ಇಂಥ ನಾಳಗಳ ಬಗ್ಗೆ 1787ರಲ್ಲೇ ಬರೆದಿದ್ದ ಎಂಬುದನ್ನು ನೆನೆದರೆ, ವಿಜ್ಞಾನ ತಾನು ಕಂಡದ್ದನ್ನೇ ಮರೆತು ಮತ್ತೆ ಕಾಣುವುದು ಹೊಸ ಅಭ್ಯಾಸವೇನಲ್ಲ ಎನಿಸುತ್ತದೆ.

ಈ ಚಿತ್ರ ಇನ್ನೂ ವಿವಾದದಿಂದ ಹೊರಬಂದಿಲ್ಲ. ಮೈಗ್ರೇನ್‌ಗೆ ಅದನ್ನು ಅನ್ವಯಿಸುವ ಮೊದಲೇ ಇದನ್ನು ಒಪ್ಪಿಕೊಳ್ಳಬೇಕು. 2013ರಲ್ಲಿ ಅದೇ ರಾಚೆಸ್ಟರ್ ಬಣ, ನಿದ್ದೆಯಲ್ಲಿ ಇಲಿಯ ಮಿದುಳಿನ ಕೋಶಗಳ ನಡುವಿನ ಜಾಗ ಸುಮಾರು ಶೇ. 60ರಷ್ಟು ಹಿಗ್ಗುತ್ತದೆ, ಆಮೈಲಾಯ್ಡ್‌ನಂಥ ಪ್ರೋಟೀನು ಬೇಗ ಹೊರಹೋಗುತ್ತದೆ ಎಂದು ವರದಿ ಮಾಡಿತು. ನಿದ್ದೆ ಎಂದರೆ ಮಿದುಳನ್ನು ತೊಳೆಯುವ ಹೊತ್ತು ಎಂಬ ಮಾತು ಹುಟ್ಟಿದ್ದು ಅಲ್ಲಿಂದ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಬೇರೊಂದು ವಿಧಾನದಿಂದ ಅಳೆದು, ನಿದ್ದೆಯಲ್ಲೂ ಅರಿವಳಿಕೆಯಲ್ಲೂ ವಿಲೇವಾರಿ ಹೆಚ್ಚುವುದಿಲ್ಲ, ಕುಗ್ಗುತ್ತದೆ ಎಂದಿತು. 2025ರಲ್ಲಿ ನೆಡರ್‌ಗಾರ್ಡ್ ಬಳಗ ಮತ್ತೆ ಬಂದು, ಗಾಢ ನಿದ್ದೆಯಲ್ಲಿ ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕ ನಿಧಾನವಾಗಿ ಏರಿಳಿಯುತ್ತದೆ, ಆ ಲಯಕ್ಕೆ ರಕ್ತನಾಳಗಳು ಹಿಗ್ಗಿ ಕುಗ್ಗಿ ದ್ರವವನ್ನು ತಳ್ಳುತ್ತವೆ, ಜೋಲ್ಪಿಡೆಮ್ ಎಂಬ ನಿದ್ದೆಮಾತ್ರೆ ಆ ಲಯವನ್ನೇ ಮಂಕಾಗಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಿತು. ಸೌತಾಂಪ್ಟನ್ನಿನ ವಿದ್ವಾಂಸರ ಪ್ರಕಾರವಂತೂ ದ್ರವ ಹೊರಹೋಗುವ ಮುಖ್ಯ ದಾರಿ ಅಭಿಧಮನಿಗಳ ಪಕ್ಕದ್ದಲ್ಲ, ಅಪಧಮನಿಯ ಗೋಡೆಯ ಪದರಗಳ ನಡುವಿನದು. ಇವೆಲ್ಲವನ್ನೂ ಇಲ್ಲಿ ಬಗೆಹರಿಸಬೇಕಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಎಲ್ಲ ಪಕ್ಷಗಳೂ ಒಪ್ಪುವ ಒಂದೇ ಅಂಶ: ಮಿದುಳಿನೊಳಗಿನ ಅಣುಗಳು ದ್ರವದೊಡನೆ ಬೆರೆತು ಪೊರೆಗಳತ್ತ, ನರಬೇರುಗಳತ್ತ ಸಾಗುತ್ತವೆ.

ಇನ್ನು ಮೈಗ್ರೇನ್. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗೆ ಇದಿದೆ ಎಂಬುದು ಜಾಗತಿಕ ರೋಗಭಾರ ಅಧ್ಯಯನಗಳ ಅಂದಾಜು. ನಮ್ಮ ನಾಡಿನದೇ ಲೆಕ್ಕ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಯುರೋಪಿನ ಸಹೋದ್ಯೋಗಿಗಳೊಡನೆ ನಡೆಸಿ 2015ರಲ್ಲಿ ಪ್ರಕಟಿಸಿದ ಮನೆಮನೆ ಸಮೀಕ್ಷೆಯಿದೆ. 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮಾತನಾಡಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಂಡವರ ಪ್ರಮಾಣ ಶೇ. 25.2. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಪೇಟೆಯ ಒತ್ತಡದ ಕಾಯಿಲೆ ಎಂಬ ನಂಬಿಕೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಮೈಗ್ರೇನಿನ ದಾಳಿ ಸಾಮಾನ್ಯವಾಗಿ 4ರಿಂದ 72 ಗಂಟೆ ಇರುತ್ತದೆ. ಸುಮಾರು ಮೂರರಲ್ಲೊಂದು ಪಾಲು ರೋಗಿಗಳಿಗೆ ನೋವಿಗೆ ಮುಂಚೆ ಔರಾ ಎಂಬ ಮುನ್ಸೂಚನೆ ಬರುತ್ತದೆ: ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆ, ದೃಷ್ಟಿಯಲ್ಲೊಂದು ಕುರುಡುಮಚ್ಚೆ, ಕೆಲವರಿಗೆ ಕೈ ಜೋಮು, ಮಾತಿನ ತೊಡರು. 1941ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನ್ನದೇ ಕಣ್ಣಿನ ಕುರುಡುಮಚ್ಚೆ ಹರಡುವ ವೇಗ ನೋಡಿ, ಮಿದುಳಿನ ದೃಷ್ಟಿಭಾಗದಲ್ಲಿ ಏನೋ ಒಂದು ನಿಮಿಷಕ್ಕೆ 3 ಮಿಲಿಮೀಟರಿನಂತೆ ಸಾಗುತ್ತಿರಬೇಕು ಎಂದು ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾಂವ್ ಮೊಲದ ಮಿದುಳಿನ ಮೇಲ್ಪದರದಲ್ಲಿ ಅದೇ ಆಸುಪಾಸಿನ ವೇಗದಲ್ಲಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯನ್ನು ಕಂಡ. ಇವೆರಡೂ ಒಂದೇ ಎಂಬ ಊಹೆ ಬಹುಕಾಲ ಊಹೆಯಾಗಿಯೇ ಇದ್ದು, 2001ರಲ್ಲಿ ಔರಾ ನಡೆಯುತ್ತಿದ್ದಾಗಲೇ ತೆಗೆದ ಎಂಆರ್‌ಐ ಚಿತ್ರಗಳಿಂದ ಬಲಗೊಂಡಿತು. ಆದರೆ ಮಿದುಳಿನ ತಿರುಳಿಗೆ ನೋವು ತಿಳಿಯುವುದಿಲ್ಲ. ನೋವನ್ನು ಅರಿಯುವುದು ಪೊರೆಗಳು, ಅವುಗಳ ರಕ್ತನಾಳಗಳು, ಅವಕ್ಕೆ ಎಳೆಗಳನ್ನು ಕಳಿಸುವ ಟ್ರೈಜೆಮಿನಲ್ ನರ. ಮೇಲ್ಪದರದಲ್ಲಿ ಹರಡಿದ ಅಲೆ ತಲೆಬುರುಡೆಯ ಬುಡದಲ್ಲಿರುವ ಆ ನರದ ಗಂಟನ್ನು ಎಚ್ಚರಿಸುವುದು ಹೇಗೆ? ಅರ್ಧ ಶತಮಾನ ಕಾಡಿದ ಪ್ರಶ್ನೆ ಇದು. ದ್ರವಮಾರ್ಗದ ಕಥೆ ಮೈಗ್ರೇನ್‌ಗೆ ತಾಕುವುದು ಸರಿಯಾಗಿ ಇಲ್ಲಿ.

2017ರಲ್ಲಿ ಬಾಸ್ಟನ್ನಿನ ಆರನ್ ಶೇನ್, ರಾಮಿ ಬರ್ಸ್ಟೀನ್ ಮತ್ತಿತರರು ಇಲಿಗಳಲ್ಲಿ ಇಂಥ ಅಲೆಯನ್ನು ಎಬ್ಬಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ, ಅಲೆ ಹಾದ ಕೆಲವೇ ನಿಮಿಷಗಳಲ್ಲಿ ರಕ್ತನಾಳಗಳ ಸುತ್ತಲಿನ ತೆರಪು ಮುಚ್ಚಿಕೊಂಡಿತು. ದ್ರವದ ಹರಿವು ತಗ್ಗಿತು. ಮತ್ತೆ ತೆರೆಯಲು ಸಮಯ ಹಿಡಿಯಿತು. ಅಲೆ ಹಾಯುವಾಗ ನರಕೋಶಗಳಿಂದ ಪೊಟ್ಯಾಸಿಯಂ ಹೊರಚೆಲ್ಲುತ್ತದೆ, ಗ್ಲುಟಮೇಟ್ ಸುರಿಯುತ್ತದೆ, ಕೋಶಗಳು ಊದಿಕೊಳ್ಳುತ್ತವೆ. ಅದೇ ಹೊತ್ತಿನಲ್ಲಿ ದಾರಿಯೂ ಮುಚ್ಚಿದರೆ ಉರಿಯೂತ ತರುವ ಅಣುಗಳು ಅಲ್ಲೇ ಉಳಿದು ನೋವಿಗೆ ಕಾರಣವಾಗಬಹುದು ಎಂಬುದು ಅವರ ತರ್ಕ. ದಾರಿ ಕಟ್ಟಿ ತ್ಯಾಜ್ಯ ಉಳಿದದ್ದೇ ಕಾರಣ ಎಂಬ ತ್ಯಾಜ್ಯವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ 2020ರಲ್ಲಿ ಇಲಿಗಳಲ್ಲಿ ಪಾರ್ಶ್ವವಾಯುವಿನ ಪ್ರಯೋಗ ಮಾಡಿದವರು ಇಂಥದೇ ಅಲೆಯ ಬೆನ್ನಿಗೆ ಅಪಧಮನಿಗಳು ಬಿಗಿದು, ಸುತ್ತಲಿನ ತೆರಪು ಹಿಗ್ಗಿ, ದ್ರವ ಒಳನುಗ್ಗುವುದನ್ನು ಕಂಡರು. ರಕ್ತ ಸಿಗದ ಮಿದುಳೂ ಮೈಗ್ರೇನಿನ ಮಿದುಳೂ ಒಂದಲ್ಲ, ನಿಜ. ಆದರೂ ಅಲೆ ಬಂದರೆ ದಾರಿ ಮುಚ್ಚುತ್ತದೆ ಎಂಬುದನ್ನು ಎಲ್ಲ ಕಾಲಕ್ಕೂ ಸಲ್ಲುವ ನಿಯಮವೆಂದು ಹಿಡಿಯಲಾಗದು. ರಕ್ತನಾಳ ಆ ಗಳಿಗೆಯಲ್ಲಿ ಹಿಗ್ಗಿದೆಯೇ ಕುಗ್ಗಿದೆಯೇ ಎಂಬುದರ ಮೇಲೆ ಅದು ನಿಂತಿದೆ.

ನನ್ನ ವಾದದ ತಿರುವು 2024ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಕೋಪನ್‌ಹೇಗನ್ ತಂಡದ ಅಧ್ಯಯನದಲ್ಲಿದೆ. ಅದರ ಮುಂದಾಳುಗಳಲ್ಲೂ ನೆಡರ್‌ಗಾರ್ಡ್ ಇದ್ದರು ಎಂಬುದು ಗಮನಾರ್ಹ. ಮಿದುಳನ್ನೂ ರಕ್ತವನ್ನೂ ಬೇರ್ಪಡಿಸುವ ತಡೆಯೊಂದಿದೆ. ಅಂಥದೇ ತಡೆ ಟ್ರೈಜೆಮಿನಲ್ ನರಗಂಟನ್ನೂ ಮಿದುಳಿನ ದ್ರವದಿಂದ ದೂರವಿಟ್ಟಿದೆ ಎಂದು ಭಾವಿಸಲಾಗಿತ್ತು. ಈ ತಂಡ ಇಲಿಗಳಲ್ಲಿ ನರಗಂಟಿನ ಬೇರಿನ ಬಳಿ ಆ ತಡೆ ಇಲ್ಲದ ಜಾಗವನ್ನು ಕಂಡಿತು. ದ್ರವ ಅಲ್ಲಿಂದ ಗಂಟಿನ ಒಳಕ್ಕೆ ಇಳಿಯುತ್ತಿತ್ತು. ಅಲೆ ಎಬ್ಬಿಸಿದ ಬಳಿಕ ದ್ರವವನ್ನು ತೆಗೆದು ಪರೀಕ್ಷಿಸಿದರೆ, ಗುರುತಿಸಿದ 1,425 ಪ್ರೋಟೀನುಗಳಲ್ಲಿ ಶೇ. 11ರಷ್ಟು ಏರುಪೇರಾಗಿದ್ದವು. ಹೆಚ್ಚಾದವುಗಳಲ್ಲಿ ಕೆಲವು ನರಗಂಟಿನ ಗ್ರಾಹಕಗಳಿಗೆ ನೇರವಾಗಿ ಕೂಡುವಂಥವು. ಮೈಗ್ರೇನ್ ಚಿಕಿತ್ಸೆಯ ಗುರಿಯಾಗಿರುವ ಸಿಜಿಆರ್‌ಪಿ ಎಂಬ ಪೆಪ್ಟೈಡೂ ಅವುಗಳಲ್ಲಿತ್ತು. ಅಂಥ ದ್ರವವನ್ನು ನರಗಂಟಿಗೆ ತಾಗಿಸಿದಾಗ ಅದರ ಕೋಶಗಳು ಕೆರಳಿದವು. ಇದರಲ್ಲಿ ದಾರಿ ಕಟ್ಟಿಕೊಂಡ ಮಾತೇ ಇಲ್ಲ. ಹರಿವು ಇದ್ದುದರಿಂದಲೇ ಸಂದೇಶ ತಲುಪಿತು. ತ್ಯಾಜ್ಯ ಸಾಗಿಸಲೆಂದು ನಾವು ತಿಳಿದ ದಾರಿ ಮೇಲ್ಪದರದ ಘಟನೆಯೊಂದನ್ನು ಹೊರಗಿನ ನರಕ್ಕೆ ವರದಿ ಮಾಡುತ್ತಿದೆ. ಔರಾ ಶುರುವಾಗಿ ನೋವು ಕಾಣಿಸಿಕೊಳ್ಳುವವರೆಗಿನ ಅಂತರ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇರುವುದಕ್ಕೂ ಇದು ಹೊಂದುತ್ತದೆ. ನರದ ವಿದ್ಯುತ್ ಸಂಕೇತಕ್ಕೆ ಅಷ್ಟು ಹೊತ್ತು ಬೇಡ, ಹರಿಯುವ ದ್ರವಕ್ಕೆ ಬೇಕು.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಚಿತ್ರಣದ್ದು. ರೋಗಿಗಳ ಮಿದುಳಿನಲ್ಲಿ ವಿಲೇವಾರಿ ಕುಗ್ಗಿರುವುದು ಎಂಆರ್‌ಐಯಲ್ಲಿ ಕಂಡಿದೆಯಲ್ಲ ಎಂದು ಕೇಳಬಹುದು. ಕಂಡಿದೆ, ಕಂಡಿಲ್ಲ, ತಿರುಗುಮುರುಗಾಗಿಯೂ ಕಂಡಿದೆ. ಕೊರಿಯಾದಿಂದ 2022ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನ ಮೈಗ್ರೇನ್ ರೋಗಿಗಳಿಗೂ ಆರೋಗ್ಯವಂತರಿಗೂ ವ್ಯತ್ಯಾಸವಿಲ್ಲ ಎಂದಿತು. 2023ರಲ್ಲಿ ಚೀನಾದ ತಂಡವೊಂದು ದೀರ್ಘಕಾಲಿಕ ಮೈಗ್ರೇನ್ ಇರುವವರಲ್ಲಿ ವಿಲೇವಾರಿಯನ್ನು ಅಂದಾಜಿಸುವ ಎಂಆರ್‌ಐ ಸೂಚ್ಯಂಕ ಏರಿದೆ ಎಂದಿತು. ಅದರ ಬೆನ್ನಿಗೇ ತೈವಾನಿನ ತಂಡ ದೀರ್ಘಕಾಲಿಕ ಮೈಗ್ರೇನ್‌ನಲ್ಲಿ ಅದು ಇಳಿದಿದೆ, ಪೊರೆಯ ದುಗ್ಧರಸ ಹರಿವೂ ಕುಗ್ಗಿದೆ ಎಂದಿತು. ಮೂರೂ ಕಡೆ ಬಳಕೆಯಾದ ಸೂಚ್ಯಂಕವನ್ನು ರೂಪಿಸಿದ್ದು 2017ರಲ್ಲಿ ಜಪಾನಿನ ತೋಶಿಯಾಕಿ ತಾವೊಕಾ ಮತ್ತು ಸಂಗಡಿಗರು. ಮಿದುಳಿನ ಪಕ್ಕದ ಕುಹರಗಳ ಬಳಿ ಸಣ್ಣ ಅಭಿಧಮನಿಗಳು ಅಡ್ಡಡ್ಡಲಾಗಿ ಸಾಗುತ್ತವೆ; ಅಲ್ಲಿನ ನರತಂತುಗಳು ಬೇರೆ ದಿಕ್ಕಿಗೆ ಹೋಗುತ್ತವೆ; ಆದ್ದರಿಂದ ಆ ಅಡ್ಡ ದಿಕ್ಕಿನಲ್ಲಿ ನೀರಿನ ಅಣುಗಳ ಚಲನೆ ಹೆಚ್ಚಿದ್ದರೆ ಅದನ್ನು ನಾಳದ ಸುತ್ತಲಿನ ತೆರಪಿನ ಲೆಕ್ಕಕ್ಕೆ ಹಾಕಬಹುದು ಎಂಬುದು ಅದರ ಹಿಂದಿನ ಜಾಣ್ಮೆ. ಸೂಜಿ ಚುಚ್ಚಬೇಕಿಲ್ಲ, ಔಷಧ ಹಾಕಬೇಕಿಲ್ಲ. ಹಾಗಾಗಿ ಎಲ್ಲೆಡೆ ಹಬ್ಬಿತು. ಆದರೆ ಅದು ಅಳೆಯುವುದು ನೀರಿನ ಅಣುಗಳ ಅಲೆದಾಟವನ್ನು, ತ್ಯಾಜ್ಯದ ಸಾಗಾಟವನ್ನಲ್ಲ. ಅದೂ ಬಿಳಿದ್ರವ್ಯದ ಒಂದೆರಡು ಚುಕ್ಕೆಗಳಲ್ಲಿ. ಕಾಲುವೆಯ ಒಂದು ಮೊಳ ಜಾಗದಲ್ಲಿ ನೀರು ಅಲುಗುವುದನ್ನು ನೋಡಿ ಕೆರೆ ಕೋಡಿ ಬಿದ್ದಿತೇ ಎಂದು ತೀರ್ಮಾನಿಸಿದಂತಾಗುತ್ತದೆ. ನರತಂತುಗಳ ಜೋಡಣೆ ತುಸು ಬದಲಾದರೂ ಸೂಚ್ಯಂಕ ಬದಲಾಗುತ್ತದೆ. ನಾರ್ವೆಯ ಓಸ್ಲೋದಲ್ಲಿ ಬೆನ್ನಿನ ಮೂಲಕ ಗುರುತುವಸ್ತು ಸೇರಿಸಿ ಒಂದೆರಡು ದಿನ ಅದರ ಹಾದಿ ಹಿಡಿಯುವ ಪದ್ಧತಿ ಇದಕ್ಕಿಂತ ನಂಬಲರ್ಹ. ಒಂದು ರಾತ್ರಿ ನಿದ್ದೆಗೆಟ್ಟವರಲ್ಲಿ ಗುರುತುವಸ್ತು ಮಿದುಳಿನಿಂದ ತಡವಾಗಿ ಹೊರಹೋಗುತ್ತದೆ ಎಂದು 2021ರಲ್ಲಿ ಅವರು ತೋರಿಸಿದರು. ತಲೆನೋವಿನ ರೋಗಿಗಳಿಗೆ ಆ ಪದ್ಧತಿಯನ್ನು ಹೇಳುವುದು ಕಷ್ಟ, ಏಕೆಂದರೆ ಬೆನ್ನಿಗೆ ಸೂಜಿ ಹಾಕುವುದರಿಂದಲೇ ಕೆಲವರಿಗೆ ಬೇರೊಂದು ಬಗೆಯ ತಲೆನೋವು ಬರುತ್ತದೆ. ಅಧಿಕ ಬಲದ 7 ಟೆಸ್ಲಾ ಯಂತ್ರದಿಂದ ಮೈಗ್ರೇನ್ ರೋಗಿಗಳ ಮಿದುಳಿನ ನಡುಭಾಗದಲ್ಲಿ ಹಿಗ್ಗಿದ ತೆರಪುಗಳು ಹೆಚ್ಚು ಕಂಡವೆಂದು 2022ರಲ್ಲಿ ಅಮೆರಿಕದಿಂದ ಬಂದ ವರದಿ ದೊಡ್ಡ ಸುದ್ದಿಯಾಯಿತು. ಅಲ್ಲಿ ಪರೀಕ್ಷೆಗೊಳಗಾದವರು 25 ಮಂದಿ, ಅವರಲ್ಲಿ ಮೈಗ್ರೇನ್ ಇಲ್ಲದವರು 5.

ಚಿತ್ರಣವನ್ನು ಬದಿಗಿಟ್ಟು ಕಾಯಿಲೆಯ ನಡತೆಯನ್ನೇ ನೋಡಿದರೂ ತ್ಯಾಜ್ಯವಾದ ತೊಡರುತ್ತದೆ. ಇಲಿಗಳಲ್ಲಿ ವಯಸ್ಸಾದಂತೆ ವಿಲೇವಾರಿ ಕುಗ್ಗುತ್ತದೆ ಎಂಬುದು ಈ ಕ್ಷೇತ್ರದ ಸ್ಥಿರ ಫಲಿತಾಂಶಗಳಲ್ಲೊಂದು. ಮುಪ್ಪಿನೊಡನೆ ಏರುವ ಆಲ್‌ಝೈಮರ್‌ಗೆ ಅದು ಹೊಂದುತ್ತದೆ. ಮೈಗ್ರೇನ್ ಹಾಗಲ್ಲ, ಮೂವತ್ತು ನಲವತ್ತರ ವಯಸ್ಸಿನಲ್ಲಿ ಉತ್ತುಂಗದಲ್ಲಿದ್ದು, ಐವತ್ತು ದಾಟಿದ ಮೇಲೆ ಬಹುಮಂದಿಯಲ್ಲಿ ಇಳಿಮುಖವಾಗುತ್ತದೆ. ಮಕ್ಕಳಿಗೂ ಬರುತ್ತದೆ. ದಾರಿ ಸವೆದು ತ್ಯಾಜ್ಯ ಸೇರಿಕೊಳ್ಳುವುದೇ ಕಾರಣವಾಗಿದ್ದರೆ ವಯಸ್ಸಿನ ರೇಖೆ ತದ್ವಿರುದ್ಧವಾಗಿ ಇರಬೇಕಿತ್ತು. ಎರಡನೆಯದು ಪ್ರಚೋದನೆಯ ಪ್ರಯೋಗ: ಡೆನ್ಮಾರ್ಕಿನಲ್ಲಿ ಸಿಜಿಆರ್‌ಪಿಯನ್ನು ರಕ್ತನಾಳಕ್ಕೆ ಹನಿಸಿದಾಗ ಮೈಗ್ರೇನ್ ಇರುವವರಲ್ಲಿ ಕೆಲವು ಗಂಟೆಗಳಲ್ಲೇ ದಾಳಿಯಂಥ ನೋವು ಬಂತು. ಯಾವ ತ್ಯಾಜ್ಯವೂ ಕೂಡಿಕೊಳ್ಳಬೇಕಾಗಲಿಲ್ಲ. ಒಂದು ಸಂದೇಶಾಣು ಸಾಕಾಯಿತು. ಮೂರನೆಯದು ಚಿಕಿತ್ಸೆ. 2018ರಿಂದ ಬಳಕೆಗೆ ಬಂದ ಸಿಜಿಆರ್‌ಪಿ ವಿರೋಧಿ ಪ್ರತಿಕಾಯಗಳು ದೊಡ್ಡ ಅಣುಗಳು. ಮಿದುಳಿನೊಳಗೆ ಅವು ಹೋಗುವುದು ಅತ್ಯಲ್ಪ. ಆದರೂ ಅನೇಕರಲ್ಲಿ ದಾಳಿ ತಗ್ಗಿಸುತ್ತವೆ. ಮಿದುಳಿನ ಒಳಗಿನ ತ್ಯಾಜ್ಯವೇ ಮೂಲವಾಗಿದ್ದರೆ ಹೊರಗೆ ನಿಂತ ಔಷಧಕ್ಕೆ ಅಲ್ಲಿ ಏನು ಕೆಲಸ? ಸಂದೇಶ ತಲುಪುವ ಕೊನೆಯ ಮನೆ ತಡೆಯ ಹೊರಗಿನ ನರಗಂಟೇ ಆಗಿದ್ದರೆ ಒಗಟು ಬಿಡಿಸಿಕೊಳ್ಳುತ್ತದೆ.

ನಿದ್ದೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಿದ್ದೆಗೆಟ್ಟರೆ ಮೈಗ್ರೇನ್ ಬರುತ್ತದೆ, ಮಲಗಿ ಎದ್ದರೆ ಎಷ್ಟೋ ಮಂದಿಗೆ ಹೋಗುತ್ತದೆ. ನಿದ್ದೆ ತೊಳೆಯುವ ಹೊತ್ತಾದರೆ ಇದು ಸರಿಯಲ್ಲವೇ? ಹೌದು, ಅಷ್ಟರಮಟ್ಟಿಗೆ ಸರಿ. ಆದರೆ ರೋಗಿಗಳು ಹೇಳುವ ಇನ್ನೊಂದು ಮಾತೂ ಇದೆ: ರಜೆಯ ದಿನ ಹೊತ್ತೇರುವ ತನಕ ಮಲಗಿದರೂ ತಲೆನೋವು ಹಿಡಿಯುತ್ತದೆ. ಹೆಚ್ಚು ನಿದ್ದೆಯೂ ದಾಳಿಯನ್ನು ತರುವುದಾದರೆ ಪ್ರಶ್ನೆ ತೊಳೆದ ಪ್ರಮಾಣದ್ದಾಗಿ ಉಳಿಯುವುದಿಲ್ಲ, ದಿನಚರಿಯ ಲಯದ್ದಾಗುತ್ತದೆ. ಒಬ್ಬ ರೋಗಿಯ ಮಿದುಳನ್ನು 30 ದಿನ ಪ್ರತಿನಿತ್ಯ ಚಿತ್ರಿಸಿ ಜರ್ಮನಿಯಲ್ಲಿ ಮಾಡಿದ ಅಧ್ಯಯನದಲ್ಲಿ, ದಾಳಿಯ ಹಿಂದಿನ ದಿನವೇ ಹೈಪೊಥಲಾಮಸ್ ಚಟುವಟಿಕೆ ಬದಲಾಗಿತ್ತು; ನಿದ್ದೆ, ಹಸಿವು, ಆಕಳಿಕೆಗಳನ್ನು ಆಳುವ ಭಾಗ ಅದೇ. ಮೈಗ್ರೇನ್ ತಡೆಯಲು ದಶಕಗಳಿಂದ ಕೊಡುವ ಪ್ರೊಪ್ರನಲಾಲ್, 2013ರ ಇಲಿ ಪ್ರಯೋಗದಲ್ಲಿ ಎಚ್ಚರದಲ್ಲೇ ಕೋಶಗಳ ನಡುವಿನ ಜಾಗ ಹಿಗ್ಗಿಸಿದ ಔಷಧ ಮಿಶ್ರಣದಲ್ಲಿ ಒಂದಾಗಿತ್ತು. ಇದನ್ನು ಹಿಡಿದು, ಆ ಮಾತ್ರೆ ಮಿದುಳನ್ನು ತೊಳೆಯುವುದರಿಂದಲೇ ಮೈಗ್ರೇನ್ ತಡೆಯುತ್ತದೆ ಎನ್ನುವ ಆಸೆ ಯಾರಿಗೂ ಹುಟ್ಟಬಹುದು. ಆದರೆ ನಾರ್‌ಅಡ್ರಿನಲಿನ್ ಏರಿಳಿತವೇ ದ್ರವವನ್ನು ತಳ್ಳುತ್ತದೆ ಎಂಬ 2025ರ ಫಲಿತಾಂಶ ನಿಜವಾದರೆ, ಪ್ರೊಪ್ರನಲಾಲ್‌ನಂತೆ ಅದರ ಗ್ರಾಹಕಗಳಿಗೆ ತಡೆಯೊಡ್ಡುವುದು ಹರಿವಿಗೆ ಅಡ್ಡಿಯೂ ಆಗಬಹುದು. ಎರಡು ಇಲಿ ಪ್ರಯೋಗಗಳ ನಡುವೆ ಸಿಕ್ಕಿದ ಮಾತ್ರೆಯ ಮೇಲೆ ಸಿದ್ಧಾಂತ ಕಟ್ಟುವುದು ಬೇಡ.

ನನ್ನ ಪಕ್ಷಕ್ಕೂ ಆಕ್ಷೇಪಗಳಿವೆ. ಅಲೆಯ ಕಥೆಯೆಲ್ಲ ಔರಾ ಇರುವವರದು. ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಔರಾ ಇಲ್ಲ. ಅವರಲ್ಲಿ ಕಣ್ಣಿಗೆ ಕಾಣದ ಭಾಗಗಳಲ್ಲಿ ಅಲೆ ಮೌನವಾಗಿ ಹಾಯುತ್ತದೆ ಎಂಬ ವಿವರಣೆಗೆ ಸಾಕಷ್ಟು ಪುರಾವೆ ಇಲ್ಲ. ಆ ಕಂದಕವನ್ನು ನಾನು ಮುಚ್ಚಲಾರೆ. ನರಗಂಟಿನ ಬಳಿಯ ತಡೆಯಿಲ್ಲದ ಜಾಗ ಇಲಿಯದು. ಮನುಷ್ಯನ ನರಬೇರು ಇಲಿಯದಕ್ಕಿಂತ ಉದ್ದ, ತಲೆಬುರುಡೆ ದೊಡ್ಡದು, ದ್ರವ ಸಾಗಬೇಕಾದ ದೂರವೂ ಹೆಚ್ಚು. ಮೂರನೆಯ ಆಕ್ಷೇಪ ಇನ್ನೂ ಬಲವಾದದ್ದು: ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿರುವ ದೀರ್ಘಕಾಲಿಕ ಮೈಗ್ರೇನ್‌ನಲ್ಲಿ, ಮೇಲಿಂದ ಮೇಲೆ ಬರುವ ದಾಳಿಗಳೇ ತೆರಪುಗಳನ್ನು ಕೆಡಿಸಿ, ಸಂದೇಶಾಣುಗಳು ನರಗಂಟಿನ ಬಳಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಬಹುದಲ್ಲವೇ? ಮಾಡಬಹುದು. ತೈವಾನಿನ ಫಲಿತಾಂಶ ಅದನ್ನೇ ಸೂಚಿಸುತ್ತಿರಲೂಬಹುದು. ಆಗಲೂ ಕುಗ್ಗಿದ ವಿಲೇವಾರಿ ದಾಳಿಗಳ ಫಲವಾಗಿರುತ್ತದೆ. ಕಾಯಿಲೆಯ ಮೂಲ ಎಂಬ ಪಟ್ಟ ಅದಕ್ಕೆ ಸಲ್ಲದು.

ಈ ಭೇದ ಪಂಡಿತರ ಕಾಲಕ್ಷೇಪವಲ್ಲ. ತ್ಯಾಜ್ಯವಾದ ಒಪ್ಪಿದವರು ಮಿದುಳು ಶುದ್ಧಿಯ ಹೆಸರಿನ ಕಷಾಯ, ಪುಡಿ, ಮಾತ್ರೆಗಳಿಗೆ ಬಾಗಿಲು ತೆರೆದಂತೆಯೇ. ಅಂಥ ಯಾವ ಪದಾರ್ಥವೂ ಮೈಗ್ರೇನ್ ರೋಗಿಯ ಮಿದುಳಿನಿಂದ ಏನನ್ನಾದರೂ ಹೊರತೆಗೆಯುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವಿಲ್ಲ. ಅದಕ್ಕಿಂತ ಕ್ರೂರವಾದದ್ದು ಭಯ: ತಲೆನೋವಿನ ಜೊತೆಗೆ ಮಿದುಳಿನಲ್ಲಿ ಕೊಳೆ ಸೇರಿ ಮುಂದೆ ಮರೆವಿನ ಕಾಯಿಲೆ ಬರುತ್ತದೆ ಎಂದು ಇಪ್ಪತ್ತೈದರ ಹೆಣ್ಣುಮಗಳನ್ನು ಹೆದರಿಸುವುದು. ಮೈಗ್ರೇನ್‌ಗೂ ಮರೆವಿನ ಕಾಯಿಲೆಗೂ ನಂಟು ಹುಡುಕಿದ ಜನಸಮೂಹ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ಕೂಡಿಬಂದಿಲ್ಲ. ಅದಿರಲಿ, ಮೇಲೆ ಹೇಳಿದ ಯಾವ ಅಧ್ಯಯನವೂ ಮೈಗ್ರೇನ್ ರೋಗಿಯ ಮಿದುಳಿನಲ್ಲಿ ಸೇರಿಕೊಂಡ ತ್ಯಾಜ್ಯವೊಂದನ್ನು ಹೆಸರು ಹಿಡಿದು ತೋರಿಸಿಲ್ಲ. ಆಲ್‌ಝೈಮರ್‌ನಲ್ಲಿ ಆಮೈಲಾಯ್ಡ್ ಇದೆ. ಇಲ್ಲಿ ಆ ಜಾಗ ಖಾಲಿ.

ಹಾಗಾದರೆ ಈ ವಾದ ಬಿದ್ದುಹೋಗಬೇಕಾದರೆ ಏನು ಕಾಣಬೇಕು? ಬೇಕಿರುವ ಅಧ್ಯಯನದ ಆಕಾರ ಸ್ಪಷ್ಟವಾಗಿಯೇ ಇದೆ. ಬೇರೆಬೇರೆ ಜನರನ್ನು ಒಂದೊಂದು ಸಲ ಚಿತ್ರಿಸಿ ಹೋಲಿಸುವುದನ್ನು ಬಿಟ್ಟು, ಅದೇ ರೋಗಿಯನ್ನು ದಾಳಿಗೆ ಮುನ್ನ, ದಾಳಿಯ ನಡುವೆ, ದಾಳಿ ಇಳಿದ ಮೇಲೆ ಅಳೆಯಬೇಕು. ಹಿಂದಿನ ರಾತ್ರಿಯ ನಿದ್ದೆಯನ್ನು ಯಂತ್ರದಿಂದಲೇ ದಾಖಲಿಸಬೇಕು, ನುಂಗಿದ ಮಾತ್ರೆಗಳನ್ನು ಬರೆದಿಡಬೇಕು, ಔರಾ ಇರುವವರನ್ನೂ ಇಲ್ಲದವರನ್ನೂ ಬೇರೆಬೇರೆ ಎಣಿಸಬೇಕು. ನಾಲ್ವರಲ್ಲೊಬ್ಬರಿಗೆ ಈ ಕಾಯಿಲೆ ಇದೆಯೆಂದು ಲೆಕ್ಕ ಕೊಟ್ಟ ನಾಡಿನಲ್ಲಿ ಇಂಥ ರೋಗಿಗಳಿಗೆ ಬರವಿಲ್ಲ. ಹಳ್ಳಿಯ ರೋಗಿಗಳನ್ನು ದಾಳಿಯ ಹೊತ್ತಿಗೆ ಸರಿಯಾಗಿ ಯಂತ್ರದ ಬಳಿ ತರುವುದೇ ತೊಡಕು. ಹಾಗೆ ಅಳೆದಾಗ, ಮೊದಲ ದಾಳಿಗಳಿನ್ನೂ ಹೊಸದಾಗಿರುವ ಎಳೆಯ ರೋಗಿಗಳಲ್ಲೇ ದಾಳಿಗಿಂತ ದಿನಗಳ ಮುಂಚೆ ವಿಲೇವಾರಿ ಕುಸಿದು, ಆ ಕುಸಿತ ಹೆಚ್ಚಾದಷ್ಟೂ ದಾಳಿ ಬಿರುಸಾಗುವುದು ಕಂಡರೆ ತ್ಯಾಜ್ಯವಾದಕ್ಕೆ ಗೆಲುವು, ನನ್ನ ವಾದವನ್ನು ಹಿಂತೆಗೆಯಬೇಕು. ಕುಸಿತ ದಾಳಿಯ ಜೊತೆಗೋ ನಂತರವೋ ಮಾತ್ರ ಕಂಡು, ವರ್ಷಗಟ್ಟಲೆ ನೋವು ತಿಂದವರಲ್ಲಿ ಮಾತ್ರ ಅದು ನೆಲೆನಿಂತರೆ, ಔಷಧ ಹುಡುಕುವವರು ಮಿದುಳನ್ನು ತೊಳೆಯುವ ದಾರಿಯನ್ನು ಬಿಟ್ಟು ನರಗಂಟಿನ ಬೇರಿನ ಬಳಿಯ ಆ ಚಿಕ್ಕ ಜಾಗದತ್ತ ಹೋಗಬೇಕಾಗುತ್ತದೆ.